ಜಾಗ ಬದಲಿಸುತ್ತಿದ್ದ ಪ್ಲಗ್ ಪಾಯಿಂಟು

“ಮತ್ತ ಬದಲಿ ಮಾಡಬೇಕಾ?”

ಶಾಂಭವಿ ಸ್ಟೂಲಿನ ಮೇಲಿಂದಲೇ ತಿರುಗಿದಳು. ರೆಪ್ಪೆಗಳ ಮೇಲೆ ಸಿಮೆಂಟಿನ ಧೂಳು ಕೂತಿತ್ತು. ಕೆಳಗೆ ನಿಂತ ಹೊನ್ನೇಶ ಆ ಧೂಳನ್ನೇ ನೋಡುತ್ತಿದ್ದ.

ಅವನು ಬೆಟಗೇರಿಯಲ್ಲಿ ಸೀರೆ ನೇಯಿಸುವವನು. ಅವನ ಹೊಸ ಅಡುಗೆಮನೆಗೆ ಕಪಾಟಿನೊಳಗೇ ಕೂರುವ ಓವನ್, ಡಿಶ್‌ವಾಷರ್ ಬರುವುದಿತ್ತು. ಅವುಗಳ ವೈರಿಂಗ್ ಶಾಂಭವಿಯದು. ಅಪ್ಪ ಅಂದಪ್ಪನಿಂದ ಕಲಿತ ಕಸುಬು.

“ಓವನ್ ಈ ಕಡೆ ಇದ್ರ ಛಲೋ ಅನಸ್ತೈತ್ರಿ.”

“ನಿನ್ನೆ ಆ ಕಡೆ ಛಲೋ ಇತ್ತು, ಮೊನ್ನೆ ಕಿಟಕಿ ಬಾಜೂಕ. ಓವನ್ ಹಿಂದನ ಪ್ಲಗ್ ಇಟ್ರ ಅದು ಪೂರಾ ಒಳಗ ಕೂಡಂಗಿಲ್ಲ, ಬಾಜೂ ಕಪಾಟಿನ್ಯಾಗ ಕೊಡಬೇಕು. ಪ್ರತಿ ಸಲ ಗೋಡಿ ಕೊರೀಬೇಕ್ರಿ ನಾನು. ಬ್ಯಾರೆದವರ್ನ ಕರಕೊಳ್ರಿ.”

ಸಿಟ್ಟು ಗೋಡೆಯ ಮೇಲಿನದಲ್ಲ. ಬೆಳಿಗ್ಗೆ ಚಹಾ ಕೊಡುವಾಗ ಅವನ ತಾಯಿ ಗುರುಸಿದ್ದವ್ವ, ಭಾನುವಾರ ಮುಂಡರಗಿಗೆ ಮಗನಿಗೆ ಹೆಣ್ಣು ನೋಡಲು ಹೋಗುವುದಿದೆ ಎಂದಿದ್ದರು. ಆಗಿನಿಂದ ಕೈಯಲ್ಲಿನ ಸ್ಕ್ರೂ ಜಾರಿ ಜಾರಿ ಬೀಳುತ್ತಿತ್ತು. ಯಾರೋ ಬಂದು ನಿಲ್ಲುವ ಅಡುಗೆಮನೆಗೆ ನಾನು ಬೆಳಕು ತರುತ್ತಿದ್ದೇನೆ!

“ಬ್ಯಾರೆದವರು ಬ್ಯಾಡ್ರಿ,” ಹೊನ್ನೇಶನ ದನಿ ಇಳಿಯಿತು. “ಕೆಲಸ ಮುಗೀತಂದ್ರ ನೀವು ಬರೂದಿಲ್ಲಲ್ಲ. ಅದಕ್ಕ ಬದಲಿ ಮಾಡಸ್ತಿದ್ದೆ.”

ಪಕ್ಕದ ಓಣಿಯ ಮಗ್ಗದ ಸಪ್ಪಳ ತೇಲಿಬಂತು. ಕಿಟಕಿಯ ಬಿಸಿಲಲ್ಲಿ ಧೂಳು ಬಂಗಾರದ ಪುಡಿಯಂತೆ ಮೆಲ್ಲಗೆ ಇಳಿಯುತ್ತಿತ್ತು.

“ಮತ್ತ... ಮುಂಡರಗಿ?”

“ಬರಂಗಿಲ್ಲ ಅಂತ ಈಗಷ್ಟ ಅವ್ವಗ ಹೇಳಿ ಬಂದೆ. ನಿಮ್ಮ ಹೆಸರೂ ಹೇಳಿದೆ.”

“ಅವ್ವಾರು ಏನಂದ್ರು?”

“‘ಮೊದ್ಲ ಆ ಹುಡುಗಿನ್ನ ಕೇಳೀಯೇನೋ ಹುಚ್ಚಪ್ಪಾ’ ಅಂದ್ಳು. ಕೇಳಾಕ ಬಂದೀನ್ರಿ.”

ಶಾಂಭವಿ ನಗು ತಡೆಯಲು ತುಟಿ ಕಚ್ಚಿದಳು. ಆಗಲಿಲ್ಲ. ಆದರೂ ಗಂಭೀರಳಾಗಿ ಹೇಳಿದಳು, “ಲಗ್ನ ಆದಮ್ಯಾಲೂ ಈ ಕಸಬು ಬಿಡಂಗಿಲ್ಲ ನಾ. ಖರೆ ಹೇಳ್ತೀನಿ.”

“ಬಿಡ್ರಿ ಅಂದವರ್ಯಾರು? ಊರಾಗಿನ ಗೋಡಿ ಎಲ್ಲಾ ಕೊರೀರಿ. ಸಂಜೀಕ ಇಲ್ಲಿಗೆ ಬಂದ್ರಾತು. ಅಡಿಗಿ ನಾ ಮಾಡಿರ್ತೀನಿ.”

“ನಿಮಗ ಅಡಿಗಿ ಬರ್ತೈತೇನ್ರಿ?”

“ಓವನ್ ಯಾರಿಗೆ ತರಿಸೀನಿ ಅನ್ಕೊಂಡ್ರಿ?”

ಅವಳು ಸ್ಟೂಲಿನಿಂದ ಇಳಿದಳು. ಆಸರೆ ಕೊಡಲು ಚಾಚಿದ ಅವನ ಕೈ ಹಿಡಿದೇ ಇಳಿದಳು. ಇಳಿದ ಮೇಲೂ ಬಿಡಲಿಲ್ಲ. ಇನ್ನೊಂದು ಕೈಯಿಂದ ಪೆನ್ಸಿಲ್ ತೆಗೆದು, ಅಡುಗೆಗೆ ನಿಂತವಳಂತೆ ಗೋಡೆಯ ಕಡೆ ಕೈ ಚಾಚಿ, ಬೆರಳು ತಾಗಿದಲ್ಲಿ ಸಣ್ಣ ಗುರುತು ಹಾಕಿದಳು.

“ಓವನ್ ಸ್ವಿಚ್ ಇಲ್ಲೇ ಬರ್ತೈತಿ. ನಿಮ್ಮ ಕೈಗೂ, ನನ್ನ ಕೈಗೂ ಸಿಗತೈತಿ.”