ಬಲಗಣ್ಣಿನ ಪಾಪೆ

ಶಶಿಕಾಂತನ ಕಣ್ಣಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು, ಕಣ್ಣು ಪರೀಕ್ಷೆ ಮಾಡುವ ಶ್ರೀಪ್ರಿಯಾಳಿಗೆ ಗೊತ್ತಿತ್ತು, ಸಾಲಿನಲ್ಲಿ ಹಿಂದೆ ಕೂತಿದ್ದ ಊರಮ್ಮಜ್ಜಿಗೂ ಗೊತ್ತಾಗಿಹೋಗಿತ್ತು. ಆದರೂ ಬಳ್ಳಾರಿಯ ಆಸ್ಪತ್ರೆಯವರು ಸಿರುಗುಪ್ಪದಲ್ಲಿ ಕಣ್ಣಿನ ಕ್ಯಾಂಪ್ ಇಟ್ಟಾಗಲೆಲ್ಲ ಮನುಷ್ಯ ಹಾಜರ್. ಇದು ಮೂರನೇ ಸಲ.

“ಏನ್ ತೊಂದ್ರಿ?” ಶ್ರೀಪ್ರಿಯಾ ಕಾರ್ಡಿನಿಂದ ತಲೆ ಎತ್ತದೆ ಕೇಳಿದಳು.

“ಅಕ್ಕಿಯೊಳಗಿನ ಕರೇಕಾಳು ಕಾಣವಲ್ದು ಮೇಡಂ. ರೈಸ್ ಮಿಲ್ಲಿನ್ಯಾಗ ಕಾಳು ಆರಿಸೋ ಮಷೀನ್ ನೋಡ್ಕೊಳ್ಳಾಂವ ನಾನು. ಹಿಂಗಾದ್ರ ಸಾವ್ಕಾರ್ರು ಮನಿಗೆ ಕಳಸ್ತಾರ.”

“ದೂರದ್ದು?”

“ದೂರದ್ದು ಬೇಷ್ ಕಾಣ್ತೈತಿ. ಬಳ್ಳಾರಿ ತನಕ ಕಾಣ್ತೈತಿ. ಸತ್ಯನಾರಾಯಣಪೇಟಿ, ನಿಮ್ಮ ಮನಿ, ಅಂಗಳದಾಗಿನ ತುಳಸಿಕಟ್ಟಿ ಸೈತ.”

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಶ್ರೀಪ್ರಿಯಾಳ ಕಿವಿ ಬಿಸಿಯಾದವು. ಟಾರ್ಚ್ ಹಿಡಿದು, “ನೆಟ್ಟಗ ನೋಡ್ರಿ” ಎಂದು ಗದರಿದಳು.

“ನೆಟ್ಟಗಾನ ನೋಡಾಕತ್ತೀನಿ.”

ಹೌದು, ನೋಡುತ್ತಿದ್ದ. ಟಾರ್ಚಿನ ಬೆಳಕಿಗೆ ಅವನ ಪಾಪೆ ಚುರುಕಾಗಿ ಕುಗ್ಗಿತು, ಬೆಳಕು ಸರಿದೊಡನೆ ಅರಳಿತು. ಅದನ್ನು ಒಮ್ಮೆ ನೋಡಿದರೆ ಸಾಕಿತ್ತು. ಅವಳು ನಾಲ್ಕು ಸಲ ನೋಡಿದಳು. ಆಗ ಅವನು ದನಿ ತಗ್ಗಿಸಿದ.

“ಸೋಮವಾರ ನಮ್ಮವ್ವ ಕುರುಗೋಡಿನಿಂದ ನಿಮ್ಮ ಮನಿಗೆ ಬರ್ತೀನಿ ಅನ್ನಾಕತ್ಯಾಳ. ಬರ್ಲೋ, ಬ್ಯಾಡೋ? ಇವತ್ತು ಹೇಳಿಬಿಡ್ರಿ.”

ಬರಲಿ ಎಂಬ ಮಾತು ಶ್ರೀಪ್ರಿಯಾಳ ನಾಲಿಗೆ ತುದಿಗೆ ಬಂದಿತ್ತು. ಆದರೆ ಅಪ್ಪ ವೆಂಕಟೇಶಾಚಾರ್ಯರ ಮುಖ ಕಣ್ಣೆದುರು ಬಂತು. ಅಪ್ಪ ಬ್ಯಾಂಕಿನ ಗುಮಾಸ್ತರು. ಹೊರಗೆ ಎಲ್ಲರೊಡನೆ ನಗುನಗುತ್ತ ಇರುವವರು, ಮನೆಯೊಳಗೆ ಮಡಿ ಎಂದರೆ ಮಡಿ. ಲಿಂಗಾಯತರ ಹುಡುಗನನ್ನು ಅವರ ಮುಂದೆ ಹೇಗೆ ನಿಲ್ಲಿಸುವುದು?

ಇಲ್ಲ ಎನ್ನಲೂ ಮನಸ್ಸಿಲ್ಲ. ಅವನನ್ನು ಸಂಜೆಯವರೆಗೆ ಇಲ್ಲೇ ಕೂರಿಸಿಕೊಂಡರೆ ಕ್ಯಾಂಪಿನ ವ್ಯಾನಿನಲ್ಲಿ ಕುರುಗೋಡಿನ ತನಕ ಜೊತೆಗೆ ಹೋಗಬಹುದು, ಅಷ್ಟರಲ್ಲಿ ಧೈರ್ಯ ಬಂದೀತು ಎನ್ನಿಸಿತು. ಹುಚ್ಚು ಬುದ್ಧಿ ನೋಡಿ, ಪಾಪೆ ಅಗಲ ಮಾಡುವ ಹನಿಯ ಬಾಟಲಿ ಎತ್ತಿ ಅವನ ಬಲಗಣ್ಣಿಗೆ ಹಾಕಿಯೇಬಿಟ್ಟಳು.

“ನಾಲ್ಕು ತಾಸು ಗಾಡಿ ಹೊಡಿಯೋ ಹಂಗಿಲ್ಲ. ಅಲ್ಲಿ ಕೂತಿರ್ರಿ. ಆಮೇಲೆ ಹೇಳ್ತೀನಿ.”

ಹನಿ ಹಾಕಿದ ಕಣ್ಣಿನ ಮೇಲೆ, ಹಣೆಗೆ, ಬಿಳಿ ಅಂಟುಪಟ್ಟಿ ಹಚ್ಚಬೇಕು; ಕಾರ್ಡಿನಲ್ಲಿ ಬರೆಯಬೇಕು. ಕ್ಯಾಂಪಿನ ಕಟ್ಟುನಿಟ್ಟಿನ ಪದ್ಧತಿ ಅದು. ಶ್ರೀಪ್ರಿಯಾ ಎರಡನ್ನೂ ಮಾಡಲಿಲ್ಲ. ಇವನೇನು ಪೇಷಂಟೇ?

ಅವನು ಖುಷಿಯಿಂದಲೇ ಹೋಗಿ ಕುರ್ಚಿಯಲ್ಲಿ ಕೂತ. ಒಂದು ತಾಸಾಗಿರಬೇಕು, ಹಿರಿಯ ಡಾಕ್ಟರು ಬಂದು, “ಯಾರಮ್ಮ ಅವನು? ಪ್ರತಿ ಕ್ಯಾಂಪಿಗೂ ಬರ್ತಾನಲ್ಲ, ನಿನಗೆ ಪರಿಚಯವೇನು?” ಎಂದು ಕೇಳಿದರು.

“ಯಾರೋ ಏನೋ ಸರ್, ನನಗೇನ್ ಗೊತ್ತು!” ಎಂದಳು, ಗಾಬರಿಯಲ್ಲಿ ಸ್ವಲ್ಪ ಜೋರಾಗಿಯೇ.

ಕುರ್ಚಿ ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ಅವಳು ತಿರುಗಿ ನೋಡುವಷ್ಟರಲ್ಲಿ ಅದು ಖಾಲಿ. ಹೊರಗೆ ಬೈಕು ಸ್ಟಾರ್ಟ್ ಆದ ಸದ್ದು ಕೇಳಿ ಓಡಿದಳು. ಬರಿ ಧೂಳು ಕಂಡಿತು.

ಶಶಿಕಾಂತನಿಗೆ ಆರು ಸಲ ಫೋನ್ ಮಾಡಿದಳು. ಏಳನೇ ಸಲ ಯಾರೋ ಹೆಂಗಸು ಎತ್ತಿದಳು. ಕುರುಗೋಡಿನ ನರ್ಸಿಂಗ್ ಹೋಮಿನ ನರ್ಸ್. “ಇವ್ರು ಬೈಕಿನಿಂದ ಬಿದ್ದಾರ್ರೀ. ಮಾರಿ ಪೂರಾ ಬಾತೈತಿ. ನೀವು ಏನಾಗ್ಬೇಕು?”

ಶ್ರೀಪ್ರಿಯಾ ಫೋನ್ ಇಟ್ಟುಬಿಟ್ಟಳು. ಹನಿಗಳ ಪೆಟ್ಟಿಗೆ ಇದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡವಳೇ ವ್ಯಾನ್ ಹತ್ತಿದಳು.

ನರ್ಸಿಂಗ್ ಹೋಮಿಗೆ ಹೋದಾಗ ನರ್ಸ್ ಹೇಳಿದಳು. ಕುರುಗೋಡಿನ ಹತ್ತಿರ ಎದುರಿಗೆ ಬಂದ ಲಾರಿಯ ಗಾಜಿನಿಂದ ಬಿಸಿಲು ಕಣ್ಣಿಗೆ ಹೊಡೆದು, ಬೈಕು ರಸ್ತೆ ಬಿಟ್ಟು ಕಲ್ಲುರಾಶಿಗೆ ನುಗ್ಗಿತ್ತಂತೆ. ತಲೆಗೆ ಹೆಲ್ಮೆಟ್ ಇತ್ತು, ಮುಖಕ್ಕೆ ಗಾಜಿರಲಿಲ್ಲ. ಎರಡೂ ರೆಪ್ಪೆಗಳು ಊದಿ ಬೆಸೆದುಹೋಗಿದ್ದವು. ಎರಡು ಸಲ ವಾಂತಿಯಾಗಿ, ಈಗ ತೂಕಡಿಕೆ. ಕರೆದರೆ ಹೂಂ ಅನ್ನುತ್ತಿದ್ದ, ಅಷ್ಟೇ.

ಡ್ಯೂಟಿ ಡಾಕ್ಟರ್ ವಾಲ್ಮೀಕಿ ಅಲ್ಟ್ರಾಸೌಂಡ್ ಪ್ರೋಬನ್ನು, ಅಂದರೆ ದೇಹದ ಒಳಗನ್ನು ತೋರಿಸುವ ಪುಟ್ಟ ಹಿಡಿಯನ್ನು, ಮೊಬೈಲಿಗೆ ಸಿಕ್ಕಿಸಿ, ರೆಪ್ಪೆಯ ಮೇಲೆ ದಪ್ಪಗೆ ಜೆಲ್ ಸುರಿದು, ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಹಿಡಿದಿದ್ದರು. ರೆಪ್ಪೆ ತೆರೆಯಲಾಗದಿದ್ದರೂ ಪರದೆಯ ಮೇಲೆ ಬೂದುಬಣ್ಣದ ಉಂಗುರ, ಅದರ ನಡುವೆ ಕಪ್ಪು ವೃತ್ತ ಕಾಣುತ್ತಿತ್ತು. ಅದೇ ಪಾಪೆ. ಮುಚ್ಚಿದ ರೆಪ್ಪೆಯ ಮೇಲೆ ಟಾರ್ಚ್ ಬಿಟ್ಟಾಗ ಎಡಗಣ್ಣಿನ ವೃತ್ತ ಪಟ್ಟನೆ ಸಣ್ಣದಾಯಿತು.

ಬಲಗಣ್ಣಿನದು ದೊಡ್ಡದಾಗಿ ಹಾಗೇ ನಿಂತಿತ್ತು. ಟಾರ್ಚ್ ಬಿಟ್ಟರು, ತೆಗೆದರು, ಮತ್ತೆ ಬಿಟ್ಟರು. ಕದಲಲಿಲ್ಲ.

“ತಲಿಯೊಳಗ ರಕ್ತ ಸೋರಿ ನರ ಒತ್ತಾಕತ್ತೈತಿ,” ಎಂದರು ಡಾಕ್ಟರ್. “ಸಿಸ್ಟರ್, ಮಂಪರಿನ ಇಂಜೆಕ್ಷನ್ ತಗೀರಿ. ಗಂಟಲಿಗೆ ಪೈಪ್ ಹಾಕಿ ಬಳ್ಳಾರಿಗೆ ಒಯ್ಯೋಣ. ತಲಿ ಆಪರೇಷನ್ ಮಾಡೋ ಸರ್ಜನ್ನಿಗೆ ರೆಡಿ ಇರಾಕ ಹೇಳ್ರಿ.”

ಬಾಗಿಲಲ್ಲಿ ನಿಂತಿದ್ದ ಶ್ರೀಪ್ರಿಯಾಳಿಗೆ ತಕ್ಷಣ ತನ್ನ ಹನಿಯ ನೆನಪಾಯಿತು. ಹೇಳಿದರೆ ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ. ಹೇಳದಿದ್ದರೆ ಇವನ ಬುರುಡೆಗೆ ರಂಧ್ರ ಬೀಳುತ್ತದೆ.

“ನಿಲ್ರಿ ಸರ್! ಅದು ರಕ್ತ ಅಲ್ಲ, ನನ್ನ ಹನಿ. ಬೆಳಿಗ್ಗೆ ಆ ಕಣ್ಣಿಗೆ ನಾನೇ ಹಾಕೀನಿ.”

ಡಾಕ್ಟರ್ ತಿರುಗಿದರು. “ಕ್ಯಾಂಪಿನೋರಾ? ಮತ್ತ ಹಣಿಗೆ ಪಟ್ಟಿ ಎಲ್ಲೈತಿ?”

“ಹಚ್ಚಿಲ್ಲ. ಕಾರ್ಡಿನಾಗೂ ಬರ್ದಿಲ್ಲ.”

“ಯಾಕ?”

“ಇವ್ರು ಪೇಷಂಟ್ ಅಲ್ಲ ಸರ್. ನಾನು ಮದುವಿ ಆಗೋರು.”

ಹೇಳಿಯೇಬಿಟ್ಟಳು. ಹೇಳಬೇಕಾದವನಿಗೆ ಹೇಳದೆ, ಕೈತುಂಬ ಜೆಲ್ ಮೆತ್ತಿಕೊಂಡ ಅಪರಿಚಿತ ಡಾಕ್ಟರಿಗೆ.

ವಾಲ್ಮೀಕಿ ಸಿಟ್ಟಿನಿಂದ ಕೆಂಪಗಾದರು. “ನೀವು ಹನಿ ಹಾಕಿದ್ದೂ ಖರೆ ಇರಬಹುದು, ಒಳಗ ರಕ್ತ ಸೋರೋದೂ ಖರೆ ಇರಬಹುದು. ನಿಮ್ಮ ಮಾತು ನಂಬಿ ನಾ ಕುಂತು, ಇಂವ ಹೋಗಿಬಿಟ್ರ?”

ಕಲಿತ ವಿದ್ಯೆ ಶ್ರೀಪ್ರಿಯಾಳ ಕೈಬಿಡಲಿಲ್ಲ. ಚೀಲದಿಂದ ಇನ್ನೊಂದು ಬಾಟಲಿ ತೆಗೆದಳು.

“ಪೈಲೋಕಾರ್ಪಿನ್ ಸರ್, ಪಾಪೆ ಕುಗ್ಗಿಸೋ ಹನಿ. ಎರಡೂ ಕಣ್ಣಿನ ಮೂಲೀಗೆ ಬಿಡೋಣ. ಎಡಗಣ್ಣಿಂದು ಕುಗ್ಗಿದ್ರ ಹನಿ ಒಳಗ ಹೋಗೇದ ಅಂತ ಗೊತ್ತಾಗ್ತದ. ರಕ್ತ ನರ ಒತ್ತಿದ್ದೇ ಆಗಿದ್ರ, ಈ ಹನಿ ಸೀದಾ ಪಾಪೆ ಮ್ಯಾಲೇ ಕೆಲಸ ಮಾಡ್ತದ, ಬಲಗಣ್ಣಿಂದೂ ಕುಗ್ಗಲೇಬೇಕು. ನನ್ನ ಹನಿ ತಡದಿದ್ರ ಕುಗ್ಗೂದಿಲ್ಲ. ಬಳ್ಳಾರಿಗೆ ಹೋಗಾಕ ಹೆಂಗೂ ಮುಕ್ಕಾಲು ತಾಸು ಬೇಕಲ್ಲ. ದಾರ್‍ಯಾಗ ನೋಡ್ಕೋತ ಹೋಗೋಣ.”

ಡಾಕ್ಟರ್ ಬಾಟಲಿಯ ಮೇಲಿನ ಹೆಸರು ಓದಿ ನೋಡಿದರು. “ಸಿ.ಟಿ. ಸ್ಕ್ಯಾನ್ ಮಾಡಿಸದ ಬಿಡೂದಿಲ್ಲ. ಉಸಿರು ಏರುಪೇರಾದ್ರ ಅಲ್ಲೇ ಪೈಪ್ ಹಾಕ್ತೀನಿ. ಹನಿ ಬಿಡ್ರಿ, ಪ್ರೋಬೂ ನೀವೇ ಹಿಡೀರಿ. ಮಾರೇಶಾ, ಗಾಡಿ ತಗಿ!”

ಆಂಬುಲೆನ್ಸ್ ಹೊರಟಿತು. ಶ್ರೀಪ್ರಿಯಾ ಮಂಡಿಯೂರಿ ಕೂತು, ಒಂದು ಕೈಯಿಂದ ಅವನ ಗದ್ದ ಹಿಡಿದು, ಇನ್ನೊಂದರಲ್ಲಿ ಪ್ರೋಬ್ ಹಿಡಿದಿದ್ದಳು, ರೆಪ್ಪೆಗೆ ತಾಗಿಯೂ ತಾಗದ ಹಾಗೆ. ಅವನ ಮೀಸೆಯಲ್ಲಿ ರಕ್ತ ಒಣಗಿತ್ತು. ಇಷ್ಟು ಹತ್ತಿರದಿಂದ ಅವನನ್ನು ನೋಡಬೇಕೆಂದು ಎಷ್ಟು ಸಲ ಆಸೆಪಟ್ಟಿದ್ದಳೋ, ಪಾಪಿ. ಹೀಗೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಹತ್ತು ನಿಮಿಷವಾಯಿತು. ಎಡಗಣ್ಣು ಸ್ವಲ್ಪ ಕುಗ್ಗಿತ್ತು. ಬಲಗಣ್ಣು ಹಾಗೇ.

ಇಪ್ಪತ್ತು ನಿಮಿಷಕ್ಕೆ ಎಡಗಣ್ಣಿನ ಪಾಪೆ ಸಾಸಿವೆಯಷ್ಟಾಯಿತು. ಹನಿ ಒಳಗೆ ಹೋಗಿದೆ! ಪ್ರೋಬನ್ನು ಬಲಗಣ್ಣಿಗೆ ತಂದಳು. ವೃತ್ತ ಸಣ್ಣದಾಗಿತ್ತು.

“ಅಯ್ಯೋ ರಾಯರೇ,” ಎಂದಳು. ಅರ್ಧ ಆಯುಷ್ಯ ಜನರ ಪಾಪೆ ಕದಲಲಿ ಎಂದು ನೋಡಿದವಳು, ಈಗ ಕದಲಬೇಡ, ನಿನ್ನ ಕಾಲಿಗೆ ಬೀಳ್ತೀನಿ, ಕದಲಬೇಡ ಎಂದು ಬೇಡಿಕೊಂಡಳು.

“ಕೈ ನಡಗಾಕತ್ತಾವು ನಿಮ್ಮವು,” ವಾಲ್ಮೀಕಿ ಅವಳ ಮುಂಗೈ ಹಿಡಿದರು. “ಪ್ರೋಬ್ ಕೆಳಗ ಜಾರೈತಿ, ಪಾಪೆಯ ಅಂಚು ಅಷ್ಟೇ ಕಾಣಾಕತ್ತೈತಿ. ಮಾರೇಶಾ, ಅರಗಳಿಗಿ ನಿಲ್ಸು.”

ಗಾಡಿ ನಿಂತಿತು. ಡಾಕ್ಟರ್ ಪ್ರೋಬನ್ನು ಮೆಲ್ಲಗೆ ಮೇಲಕ್ಕೆ ಓರೆ ಮಾಡಿದರು. ಕಪ್ಪು ವೃತ್ತ ಪೂರ್ತಿ ಕಂಡಿತು, ಮೊದಲಿನಷ್ಟೇ ದೊಡ್ಡದು. ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಶ್ರೀಪ್ರಿಯಾ ಬಿಕ್ಕಿ ಬಿಕ್ಕಿ ಅತ್ತಳು.

“ಯಾರ… ಅಳಾಕತ್ತಿದ್ದು?” ಶಶಿಕಾಂತನ ತುಟಿ ಅಲುಗಿತು.

“ನಾನು.”

“ಮೇಡಂ? ನಾನು ನಿಮಗ ಯಾರೋ ಏನೋ ಅಲ್ಲೇನ್ರಿ…”

“ಬಾಯಿ ಮುಚ್ಚು,” ಎಂದಳು. ಬಹುವಚನ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. “ನೀನು ಎದ್ದು ಹೋಗಬಾರದಂತ ಹನಿ ಹಾಕ್ದೆನೋ. ಹೂಂ ಅನ್ಲಿಕ್ಕೆ ಧೈರ್ಯ ಸಾಲ್ಲಿಲ್ಲ, ಅದಕ್ಕ. ನಿನ್ನ ಜೀವಕ್ಕೇನರ ಆಗಿದ್ರ ನಾನೂ ಉಳೀತಿರಲಿಲ್ಲ.”

ಅವನು ಕೈ ತಡಕಾಡಿ ಅವಳ ಬೆರಳು ಹಿಡಿದುಕೊಂಡ. ವಾಲ್ಮೀಕಿ ಕಿಟಕಿಯ ಆಚೆಗೆ ಬಹಳ ಆಸಕ್ತಿಯಿಂದ ನೋಡತೊಡಗಿದರು.

ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಕೆನ್ನೆಯ ಎಲುಬು ಬಿರಿದಿತ್ತು, ತಲೆಗೆ ಏಟಿನ ಮಂಪರು ಇತ್ತು. ಎರಡು ದಿನ ಇಟ್ಟುಕೊಂಡು ನೋಡೋಣವೆಂದರು. ಶ್ರೀಪ್ರಿಯಾ ತಾನೇ ಹಿರಿಯ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡಳು. ನಾಳೆಯಿಂದ ಕ್ಯಾಂಪಿಗೆ ಬರಬೇಡ, ವಿಚಾರಣೆಗೆ ಕರೆಯುತ್ತೇವೆ ಎಂದರು. ಸರಿ ಎಂದಳು.

ಕುರುಗೋಡಿನಿಂದ ಬಸ್ಸಿನಲ್ಲಿ ಬಂದ ಅವನ ತಾಯಿ ಸುವರ್ಣಮ್ಮ ಹಾಸಿಗೆಯ ಪಕ್ಕ ಕೂತಿದ್ದರು. ಅವರಿಗೂ ಏನನ್ನೂ ಮುಚ್ಚಿಡದೆ ಹೇಳಿದಳು.

“ಹೆತ್ತ ಹೊಟ್ಟಿ ಉರಿಸಿದೆಲ್ಲ ತಾಯಿ,” ಎಂದು ಅವರು ಮುಖ ತಿರುಗಿಸಿದರು. ತಪ್ಪು ತನ್ನದೇ ಎಂದು ಶ್ರೀಪ್ರಿಯಾಳಿಗೆ ಗೊತ್ತಿತ್ತು. ಅಲ್ಲೇ ನಿಂತು ಫೋನ್ ತೆಗೆದು ಅಪ್ಪನಿಗೆ ಹಚ್ಚಿದಳು.

“ಅಪ್ಪಾ, ದವಾಖಾನಿಯಾಗ ಇದ್ದೀನಿ. ನನಗೇನೂ ಆಗಿಲ್ಲ. ಶಶಿಕಾಂತ ಅಂತ, ಕುರುಗೋಡಿನವ. ನಾನು ಮದುವಿ ಆದ್ರ ಇವನ್ನೇ. ನನ್ನ ತಪ್ಪಿನಿಂದ ಇವತ್ತು ಸಾಯ್ತಿದ್ದ.”

ಅಪ್ಪ ಫೋನ್ ಕಟ್ ಮಾಡಿದರೋ ಎಂದು ಅವಳು ಎರಡು ಸಲ ಪರದೆ ನೋಡಿದಳು.

“ಹುಡುಗನ ತಾಯಿ ಅದಾರೇನು ಅಲ್ಲಿ?” ಕಡೆಗೂ ಅಪ್ಪನ ದನಿ ಬಂತು. “ಅವರಿಗೆ ಕೊಡು.”

ಅವಳು ಫೋನ್ ಚಾಚಿದಳು. ಸುವರ್ಣಮ್ಮ ಸೆರಗು ಸರಿಮಾಡಿಕೊಂಡು ಅದನ್ನು ಕಿವಿಗಿಟ್ಟುಕೊಂಡರು. ಹೂಂ ಅಂದರು, ಹೌದ್ರಿ ಅಂದರು, ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಬಾಡಿ ನಿಂತಿದ್ದ ಶ್ರೀಪ್ರಿಯಾಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

“ಬರ್ರಿ, ಕುಂತು ಮಾತಾಡೂಣು,” ಎಂದರು ಫೋನಿಗೆ. “ಬರೋವಾಗ ಏನರ ಊಟ ಕಟ್ಟಿಸ್ಕೊಂಡು ಬರ್ರಿ. ನಿಮ್ಮ ಮಗಳು ಮುಂಜಾನಿಯಿಂದ ಏನೂ ತಿಂದಂಗ ಕಾಣವಲ್ದು.”