ಕೊನೆಯವರೆಗೆ ಕೇಳುವ ಕಿವಿ

ಮನಸ್ವಿಯ ಒಳಗಿವಿಯಲ್ಲಿ ಹೊಸ ಪ್ರೋಟೀನು ಕೆಲಸ ಶುರುಮಾಡಿತ್ತು. ಫಲ ಸಿಕ್ಕಿದೆಯೇ ಎಂಬುದು ಮಾತ್ರ ಇನ್ನೂ ತಿಳಿಯಬೇಕಿತ್ತು. ಅದು 2067ರ ವಿಜಯಪುರ. ಡಾ. ತಬಸ್ಸುಮ್ ಇನಾಮದಾರರ ಪ್ರಯೋಗಾಲಯದ ಗಾಜಿನ ಕೋಣೆಯಲ್ಲಿ ಅವಳು ಕಣ್ಣು ಮುಚ್ಚಿ ಕುಳಿತಿದ್ದಳು.

ಮನಸ್ವಿ ಪೂರಾ ಕಿವುಡಿಯಲ್ಲ. ಯಾರೇ ಮಾತಾಡಲಿ, ಮೊದಲ ನಾಲ್ಕಾರು ಪದ ಸ್ಪಷ್ಟವಾಗಿ ಕೇಳುತ್ತಿತ್ತು. ಆಮೇಲೆ ದನಿ ಕರಗಿಹೋಗುತ್ತಿತ್ತು. ಸ್ವಲ್ಪ ಹೊತ್ತು ಮೌನವಿದ್ದರೆ ಕಿವಿ ಮತ್ತೆ ತೆರೆಯುತ್ತಿತ್ತು. ಒಣದ್ರಾಕ್ಷಿ ವ್ಯಾಪಾರಿಯಾದ ಗಂಡ ರೇವಂತ ಮದುವೆಯಾದಾಗಿನಿಂದ ತುಂಡು ತುಂಡಾಗಿ ಮಾತಾಡುವುದನ್ನು ಕಲಿತಿದ್ದ. ಅವಳಿಗೆ ಹೇಳಲಾಗದ್ದನ್ನು, ಅವಳ ಕಿವಿ ಮುಚ್ಚಿದ ಮೇಲೆ ಅವಳೆದುರೇ ಹೇಳಿಕೊಳ್ಳುವುದನ್ನೂ.

"ಯಾಕ ಹಿಂಗಾಗತೈತ್ರಿ?" ಹೊರಗೆ ನಿಂತು ಅವನು ಕೇಳಿದ.

"ಕಿವಿಯ ಕೋಶದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲ ಇರತಾವ," ಎಂದರು ಡಾಕ್ಟರು. "ಸದ್ದು ಬಂದಾಗ ಅವು ಅಂಚಿಗೆ ಹೋಗಿ, ಒಳಗಿನ ರಾಸಾಯನಿಕ ನರಕ್ಕ ಸುರಿದು, ಅಲ್ಲೇ ಕೋಶದ ಪೊರೆಯೊಳಗ ಕೂಡಿಬಿಡತಾವ. ಆ ಪೊರೀನ ಬಾಗಿಸಿ ಮತ್ತ ಚೀಲ ಮಾಡೂದು ಹೊದಿಕೆ ಪ್ರೋಟೀನು. ಬುಟ್ಟಿ ಹೆಣೆದಂಗ ಹೆಣಕೊಂಡು, ಚೀಲ ಬಿಡಿಸಿ, ತಾನು ಕಳಚಿಕೊಂಡು ಹೋಗತೈತಿ. ಇವರದು ಭಾಳ ನಿಧಾನ ಹೆಣೀತಿತ್ತು. ಲಗೂ ಹೆಣೆಯೋದನ್ನ ಕೊಟ್ಟೇವಿ."

"ನಮ್ಮ ದಂಧೇನೂ ಹಂಗ ಅನ್ರಿ. ಖಾಲಿ ಚೀಲ ತಿರುಗಿ ಬರಲಿಲ್ಲಂದ್ರ ಮಾಲು ಇದ್ದೂ ಇಲ್ಲದಂಗ."

"ಒಳಗ ಹೋಗ್ರಿ, ಮಾತಾಡ್ರಿ. ನಡುವ ನಿಲ್ಲಸಬ್ಯಾಡ್ರಿ."

ಅವಳು ತುಟಿ ಓದದಂತೆ ನಡುವೆ ಪರದೆ ಇಳಿಬಿಟ್ಟಿದ್ದರು. ರೇವಂತ ಒಳಗೆ ಬಂದು ಪರದೆಯ ಈಚೆ ಕುರ್ಚಿಯಲ್ಲಿ ಕುಳಿತ. "ಈ ಸಲ ದ್ರಾಕ್ಷಿ ಚಲೋ ಒಣಗ್ಯಾವ. ಬಣ್ಣಾನೂ ಚಲೋ ಬಂದೈತಿ. ನಿನ್ನ ತಮ್ಮ ಬಂದಿದ್ದ, ತಿಂದು ತಿಂದು ಅರ್ಧ ಡಬ್ಬಿ ಖಾಲಿ ಮಾಡಿ ಹ್ವಾದ..."

ಪರದೆಯ ಆಚೆ ನಗುವಿಲ್ಲ, ಸದ್ದಿಲ್ಲ. ಎಂದಿನಂತೆ ಕಿವಿ ಮುಚ್ಚಿತು ಎಂದುಕೊಂಡ. ಡಾಕ್ಟರು ನಿಲ್ಲಿಸಬೇಡಿ ಎಂದಿದ್ದರು. ರೂಢಿಯಂತೆ ದನಿ ಇಳಿಸಿ ಮುಂದುವರಿಸಿದ.

"ಕೂಸು ಬ್ಯಾಡ, ಅದರ ಅಳು ನನಗ ಪೂರಾ ಕೇಳಸೂದಿಲ್ಲ ಅಂದಿ. ಆತು ಅಂದೆ. ಅದರ ಮುಂದ ನಾ ಅಂದದ್ದು ನಿನಗ ಕೇಳಸಲಿಲ್ಲ. ಅದ ಚಲೋ ಆತು."

"ಏನಂದಿದ್ದಿ?"

ಕೇಳಿದ್ದು ಪರದೆಯ ಆಚೆಯ ಮನಸ್ವಿ. ಗಾಜಿನ ಆಚೆ ಡಾಕ್ಟರು ಧ್ವನಿವರ್ಧಕದಲ್ಲಿ ಎಲ್ಲವನ್ನೂ ಕೇಳುತ್ತಿದ್ದರು. ಅವರ ಇಷ್ಟು ವರ್ಷದ ದುಡಿಮೆ ಗೆದ್ದಿತ್ತು. ಸಂಭ್ರಮಿಸುವುದು ಹೇಗೆಂದು ಮಾತ್ರ ತೋಚಲಿಲ್ಲ.

"ಹೇಳು. ಈಗ ಕೇಳಸತೈತಿ," ಎಂದಳು ಮನಸ್ವಿ.

"ಕೂಸಿಗೆ ಹೆಸರು ಸೈತ ಇಟ್ಟೀನಿ ಅಂದಿದ್ದೆ."

"ಏನ ಹೆಸರು?"

ಡಾಕ್ಟರು ತಮ್ಮ ಕಡೆಯ ಧ್ವನಿವರ್ಧಕವನ್ನು ಬಂದ್ ಮಾಡಿದರು. ಅವನು ಹೇಳಿದ ಹೆಸರು ಕೋಣೆಯಲ್ಲೇ ಉಳಿಯಿತು.

ಇದನ್ನು ಓದುತ್ತಿರುವ ಈ ಗಳಿಗೆಯಲ್ಲೂ ನಮ್ಮೆಲ್ಲರ ಕಿವಿಗಳಲ್ಲಿ ಆ ಬುಟ್ಟಿಗಳು ತಪ್ಪದೆ ಹೆಣೆದುಕೊಳ್ಳುತ್ತಿವೆ, ಕಳಚಿಕೊಳ್ಳುತ್ತಿವೆ. ಎದುರಿಗಿರುವವರ ಮಾತು ಮುಗಿಯುವ ಮೊದಲೇ ಕೇಳುವುದನ್ನು ನಿಲ್ಲಿಸುವ ನಮಗೆ ಪ್ರೋಟೀನಿನ ನೆಪವೂ ಇಲ್ಲ.