ನಿನ್ನೆ ಯಾವಾಗ ನಕ್ಕಳು?

ಬಾಗೇವಾಡಿಯ ಕುಟುಂಬ ಸಲಹಾ ಕೇಂದ್ರದಲ್ಲಿ ಎರಡು ಬೆಂಚುಗಳಿದ್ದವು. ಕಿಟಕಿ ಕಡೆಯದು ಹೆಂಡತಿಯರದು, ಬಾಗಿಲ ಕಡೆಯದು ಗಂಡಂದಿರದು. ಹಾಗಂತ ಯಾರೂ ಬೋರ್ಡು ಹಾಕಿರಲಿಲ್ಲ. ಬಂದ ಗಂಡಸರೆಲ್ಲ ಎದ್ದು ಓಡಲು ಅನುಕೂಲವಾಗಲಿ ಎಂಬಂತೆ ಬಾಗಿಲ ಪಕ್ಕವೇ ಕೂರುತ್ತಿದ್ದರು, ಅಷ್ಟೆ.

ಆ ಸೋಮವಾರ ಹನ್ನೊಂದಕ್ಕೆ ಬಾಗಿಲ ಬೆಂಚಿನ ತುದಿಯಲ್ಲಿ ಒಬ್ಬ ತಲೆ ತಗ್ಗಿಸಿ ಕುಳಿತಿದ್ದ. ತೊಡೆಯ ಮೇಲೊಂದು ಚೀಲ. ಸಮಾಲೋಚಕಿ ಸುನಂದಾ ಗಡಿಯಾರ ನೋಡಿದಳು. ಗೊಳಸಂಗಿಯ ಕಾಳಪ್ಪನಿಗೆ ಹನ್ನೊಂದಕ್ಕೆ ಬಾ ಎಂದು ಅವಳೇ ಫೋನು ಮಾಡಿದ್ದಳು. ಬಂದಿದ್ದಾನೆ. ಆದರೆ ವಯಸ್ಸು ನಲವತ್ತು ದಾಟಿದಂತಿದೆಯಲ್ಲ! ದೂರು ಕೊಟ್ಟ ಅವನ ಹೆಂಡತಿ, ಇಪ್ಪತ್ಮೂರರ ಕಾವೇರಿಯನ್ನು ಇಂಥವನಿಗೆ ಕೊಟ್ಟ ತಾಳಿಕೋಟೆಯ ತವರಿನವರಿಗೆ ಕಣ್ಣಿರಲಿಲ್ಲವೇ ಎಂದುಕೊಂಡಳು. ಮೊದಲೇ ಇದ್ದ ಸಿಟ್ಟು ನೆತ್ತಿಗೇರಿತು.

"ಬಂದ್ಯಾ? ತಲಿ ಎತ್ತು. ಇಲ್ಲಿ ತಲಿ ತಗ್ಗಿಸಿದ್ರ ಕೇಸ್ ಮುಗ್ಯಾಂಗಿಲ್ಲ."

ಅವನು ತಲೆ ಎತ್ತಿದ. ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ಬಡದಿಲ್ಲ, ಬೈದಿಲ್ಲ, ಕುಡ್ಯಾಂಗಿಲ್ಲ. ಭಾಳ ಛಲೋ ಗಂಡ! ಆದ್ರ ಎರಡ ವರ್ಷದಾಗ ಹೆಂಡ್ತಿ ಜೋಡಿ ಕುಂತು ನಾಕ ಮಾತ ಆಡಿಲ್ಲ. ರೊಟ್ಟಿ ಹಾಕಿದ್ರ ತಿಂತಿ, ಹಾಸಿ ಕೊಟ್ರ ಮಲಗ್ತಿ. ಆಕಿ ಏನ ಗ್ವಾಡಿ ಅಂತ ತಿಳದೀಯೇನು? ಮನ್ಯಾಗ ಇದ್ದಾಗ ಮಾತಾಡಲಿಲ್ಲ, ಈಗ ಹೋದ ಮ್ಯಾಲೆ ಯಾರ ಜೋಡಿ ಮಾತಾಡ್ತಿ?"

ಅವನ ಬಾಯಿ ತಾನಾಗಿ ಮುಚ್ಚಿತು. ಕಣ್ಣಲ್ಲಿ ನೀರಾಡಿತು. ಮಾತು ನಾಟಿತು ಎಂದು ಸುನಂದಾ ಒಳಗೊಳಗೇ ಬೀಗಿ, ಇನ್ನೂ ಹತ್ತು ನಿಮಿಷ ಬೈದಳು.

ಆಗ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಒಬ್ಬ ತರುಣ ನಿಂತ. "ತಪ್ಪಾತ್ರಿ ಅಕ್ಕಾರ, ಬಸ್ಸು ತಪ್ಪಿತ್ತು. ನಾ ಕಾಳಪ್ಪ ರೀ, ಗೊಳಸಂಗಿಯಾಂವ."

ಸುನಂದಾ ಅವನನ್ನು ನೋಡಿದಳು, ಬೆಂಚಿನವನನ್ನು ನೋಡಿದಳು. "ಮತ್ತ ನೀವ್ಯಾರ?"

ಬೆಂಚಿನವನು ಚೀಲದಿಂದ ಕಾಗದ ತೆಗೆದುಕೊಟ್ಟ. ನೇಮಕಾತಿ ಆದೇಶ. ಹೆಸರು ಸಿದ್ದಲಿಂಗ. ಇವತ್ತಿನಿಂದ ಇದೇ ಕೇಂದ್ರದಲ್ಲಿ ಎರಡನೇ ಸಮಾಲೋಚಕ.

"ಇಷ್ಟೊತ್ತನ ಸುಮ್ನ ಯಾಕ ಬೈಸ್ಕೊಂಡ್ರಿ? ಬಾಯಿಲ್ಲೇನ್ರಿ ನಿಮಗ?"

"ನೀವು ಬಿಟ್ರ ಹೌದಲ್ರಿ ಮೇಡಂ," ಎಂದ ಸಿದ್ದಲಿಂಗ. ತುಟಿಯ ಅಂಚಿನಲ್ಲಿ ನಗು, ಕಣ್ಣಲ್ಲಿ ಇನ್ನೂ ಆರದ ನೀರು. "ಆಮ್ಯಾಲೆ ಮಾತು ಖರೇ ಅನಿಸ್ತು. ಕೇಳ್ಕೋತ ಕುಂತೆ."

ಸುನಂದಾ ಆದೇಶವನ್ನು ಮಡಚಿ ಅವನ ಕೈಗಿಟ್ಟು, ಕಾಳಪ್ಪನತ್ತ ತಿರುಗಿದಳು.

*

ಅವಳ ಕೆಲಸದ ರೀತಿಯೇ ಬೇರೆ. ಸುಖವಾಗಿದ್ದೀರಾ ಎಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಎಲ್ಲರೂ "ಆರಾಮ ಅದೇವ್ರಿ" ಎನ್ನುತ್ತಾರೆ, ಮರುದಿನ ಬಟ್ಟೆ ಗಂಟು ಕಟ್ಟುತ್ತಾರೆ. ಗಂಡನನ್ನು ಬೇರೆ, ಹೆಂಡತಿಯನ್ನು ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಇಬ್ಬರ ಉತ್ತರ ಕೂಡಿದರೆ ಮನೆ ನಿಂತಿತೆಂದು ಲೆಕ್ಕ. ಅಂದು ಕಾಳಪ್ಪನಿಗೂ ಅದನ್ನೇ ಕೇಳಿದಳು.

"ನಿನ್ನ ಹೆಂಡ್ತಿ ಕಡೀಕ ಯಾವಾಗ ನಕ್ಕಿದ್ಲು? ಎದಕ್ಕ ನಕ್ಕಿದ್ಲು?"

ಕಾಳಪ್ಪ ಮಾಡು ನೋಡಿದ, ನೆಲ ನೋಡಿದ. ಕೊನೆಗೆ, "ಗೊತ್ತಿಲ್ರಿ," ಎಂದ.

ಕಾವೇರಿಗೆ ಮುದ್ದೇಬಿಹಾಳದಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು. ಸೊಸೆ ದಿನಾ ಬಸ್ಸು ಹತ್ತುವುದು ಬೇಡ ಎಂದು ಅತ್ತೆ ರುಕ್ಮವ್ವ ಪಟ್ಟು ಹಿಡಿದಿದ್ದಳು. ಕಾಳಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅವನ ಆ ಮೌನಕ್ಕೇ ರೋಸಿ ಕಾವೇರಿ ತವರಿಗೆ ಹೋಗಿದ್ದಳು.

ಸಿದ್ದಲಿಂಗ ಹೋಗಿ ಕಾಳಪ್ಪನ ಪಕ್ಕದಲ್ಲೇ, ಅದೇ ಬೆಂಚಿನ ಮೇಲೆ ಕುಳಿತ. "ತಮ್ಮಾ, ನನ್ನ ಹೆಂಡ್ತಿ ತೀರಿಕೊಂಡು ಒಂಬತ್ತ ವರ್ಷ ಆತು. ಆಗ ನಾ ಪಂಪಸೆಟ್ ಅಂಗಡ್ಯಾಗ ಇದ್ದೆ. ನಾನೂ ನಿನ್ನಂಗ, ಮಾತ ಇಲ್ಲ. ನಾಳೆ ಆಡಿದ್ರಾತು ಅಂತ ಇಟ್ಟಕೊಂಡಿದ್ದೆ. ಇಟ್ಟಕೊಂಡದ್ದು ಹಂಗ ಉಳೀತು. ನಲವತ್ತರ ಹತ್ರ ಬಂದು ಮತ್ತ ಕಾಲೇಜ್ ಕಟ್ಟಿ ಹತ್ತಿ ಈ ಕೆಲಸ ಕಲತೇನಿ, ಯಾಕ ಹೇಳು? ನಿನ್ನ ಹೆಂಡ್ತಿ ತಾಳಿಕೋಟ್ಯಾಗ ಅದಾಳ. ಬಸ್ಸ್ ಐತಿ. ನನಗ ಬಸ್ಸಿಲ್ಲ."

ಸುನಂದಾಳ ಕೈಯಲ್ಲಿದ್ದ ಪೆನ್ನು ನಿಂತಿತು. ಈಗ ಹೋದ ಮೇಲೆ ಯಾರ ಜೊತೆ ಮಾತಾಡುತ್ತೀ ಎಂದು ತಾನು ಅಂದದ್ದು ಯಾರಿಗೆ ಎಂಬುದು ಅವಳಿಗೆ ಆಗ ಹೊಳೆಯಿತು.

ತಪ್ಪಾಯಿತು ಎನ್ನುವ ಅಭ್ಯಾಸ ಅವಳಿಗಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ, ಎಣ್ಣೆಗಾಯಿಯ ಡಬ್ಬಿಯನ್ನು ಮೇಜಿನ ಆ ಕಡೆಗೆ ತಳ್ಳಿದಳು. "ಉಪ್ಪು ಜಾಸ್ತಿ ಆಗೇತಿ. ತಿನ್ನೂದಿದ್ರ ತಿನ್ರಿ."

ಉಪ್ಪು ಸರಿಯಾಗೇ ಇತ್ತು. ಅದು ಅವನಿಗೂ ಗೊತ್ತಾಯಿತು. ಅಂದಿನಿಂದ ಅವಳು ದಿನಾ ಎರಡು ರೊಟ್ಟಿ ಹೆಚ್ಚಿಗೆ ಬಡಿದಳು.

*

ಮುಂದಿನ ವಾರ ಇಬ್ಬರೂ ಗೊಳಸಂಗಿಗೆ ಮನೆ ಭೇಟಿಗೆ ಹೋದರು. ರುಕ್ಮವ್ವ ಹೊಸ್ತಿಲಲ್ಲೇ ಕುಳಿತಿದ್ದಳು, ಒಳಗೆ ಬನ್ನಿ ಎನ್ನಲಿಲ್ಲ.

"ನಿನ್ನ ವಿಚಾರ ಎಲ್ಲಾ ತಿಳಕೊಂಡೇನವಾ. ಎರಡ ವರ್ಷಕ್ಕ ಗಂಡನ ಮನಿ ಬಿಟ್ಟ ಬಂದಾಕಿ ನೀ. ತನ್ನ ಸಂಸಾರ ನಡಸಾಕ ಆಗಲಾರದಾಕಿ ನಮ್ಮ ಮನಿ ನೆಟ್ಟಗ ಮಾಡಾಕ ಬಂದಿ?"

ಓಣಿಯ ನಾಲ್ಕು ಬಾಗಿಲುಗಳು ಕಿವಿಯಾದವು. ಸುನಂದಾ ಸಿದ್ದಲಿಂಗನ ಕಡೆ ಒಮ್ಮೆ ನೋಡಿದಳು. ಅವನು ಬಾಯಿ ಬಿಡಲಿಲ್ಲ. ಕೈಕಟ್ಟಿ, ಹಾಡು ಕೇಳಲು ಬಂದವನಂತೆ ನಿಂತಿದ್ದ.

"ಹೌದಬೇ, ಬಿಟ್ಟ ಬಂದೇನಿ," ಎಂದಳು ಸುನಂದಾ, ಓಣಿಗೆಲ್ಲ ಕೇಳುವಂತೆ. "ಇಪ್ಪತ್ತೊಂದ ವರ್ಷದ ಹುಡುಗಿ ಇದ್ದೆ. ಆಗ ನಡುವ ಕುಂತು ಅವಂದೊಂದ ಮಾತ, ನಂದೊಂದ ಮಾತ ಕೇಳಾವ್ರು ಯಾರೂ ಇರಲಿಲ್ಲ. ಇದ್ದಿದ್ರ ನನ್ನ ಮನಿ ಉಳೀತಿತ್ತೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ಈ ಇಪ್ಪತ್ತ ವರ್ಷದಾಗ ಉಳದ ಮನಿಗೋಳು ಗೊತ್ತದಾವು. ಬೇಕಂದ್ರ ಹೋಗಿ ಕೇಳ್ಕೊಂಡ ಬಾ. ಈಗ ಆಚಿಗಿ ಸರಿ, ಒಳಗ ಬರ್ತೇನಿ. ಬಿಸಲಾಗ ನಿಂತು ಬಾಯಿ ಒಣಗೇತಿ, ಒಂದ ಚರಿಗಿ ನೀರ ಕೊಡು."

ರುಕ್ಮವ್ವ ಸರಿದಳು. ನೀರೂ ತಂದಳು. ಸಂಜೆಯ ಹೊತ್ತಿಗೆ ಸೊಸೆ ವಾರಕ್ಕೆ ಐದು ದಿನ ಬಸ್ಸು ಹತ್ತಬಹುದು ಎಂಬಲ್ಲಿಗೆ ಮಾತು ಬಂತು.

ವಾಪಸು ಬಸ್‌ಸ್ಟಾಪಿನಲ್ಲಿ ಸುನಂದಾ ಸಿಡಿದಳು. "ಆಕಿ ಅಷ್ಟ ಅಂದ್ರೂ ಒಂದ ಮಾತ ಆಡಲಿಲ್ಲಲ್ರಿ ನೀವು! ಕಂಬದಂಗ ನಿಂತಿದ್ರಿ!"

"ನೀವು ಮಾತಾಡೂದಿತ್ತಲ್ರಿ," ಎಂದ ಅವನು ಶಾಂತವಾಗಿ. "ನಡುವ ನಾ ಯಾಕ ಅಡ್ಡ ಬರ್ಲಿ? ಅಂಥಾ ಮಾತ ಆಡಾವ್ರ ಪಕ್ಕದಾಗ ನಿಂತಿದ್ದೆ ಅನ್ನೂದ ನನಗ ದೊಡ್ಡದು."

ಅವಳು ಮುಖ ತಿರುಗಿಸಿ ಬಸ್ಸು ಬರುವ ದಾರಿ ನೋಡಿದಳು. ಬಸ್ಸು ಬರುವುದು ಆ ಕಡೆಯಿಂದಲ್ಲ ಎಂದು ಅವನು ಹೇಳಲಿಲ್ಲ.

*

ಕಾವೇರಿ ಗೊಳಸಂಗಿಗೆ ಮರಳಿ ಬಂದು ದಿನಾ ಮುದ್ದೇಬಿಹಾಳದ ಬಸ್ಸು ಹತ್ತತೊಡಗಿದಳು. ಆರು ತಿಂಗಳು ಹೀಗೇ ಹೋಯಿತು. ಗಂಡಂದಿರ ಬೆಂಚಿನಲ್ಲಿ ಅವನು ಕೂರುವುದು, ಹೆಂಡತಿಯರ ಬೆಂಚಿನಲ್ಲಿ ಅವಳು ಕೂರುವುದು, ಆಮೇಲೆ ನಾಲ್ವರೂ ಒಂದೇ ಬೆಂಚಿಗೆ ಬರುವುದು. ತಾಲೂಕಿನಲ್ಲಿ ಅವರ ಹೆಸರು ಜೋಡಿಯಾಗಿಯೇ ಬರತೊಡಗಿತು.

ಮಧ್ಯದಲ್ಲಿ ಅವನು ಒಮ್ಮೊಮ್ಮೆ ಅವಳತ್ತ ನೋಡುತ್ತಿದ್ದ. ಅವಳು ತಲೆ ಎತ್ತುವಷ್ಟರಲ್ಲಿ ಕಣ್ಣು ಫೈಲಿನ ಮೇಲಿರುತ್ತಿತ್ತು. ಅವನು ಓದುತ್ತಿದ್ದ ಆ ಫೈಲು ಎಷ್ಟೋ ಸಲ ತಲೆಕೆಳಗಾಗಿರುತ್ತಿತ್ತು. ಅವಳು ನೋಡಿಯೂ ನೋಡದಂತೆ ಕೊರಳ ಬಳಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಒಂದು ದಿನ ಅವನಿಗೆ ಇಂಡಿಗೆ ವರ್ಗಾವಣೆಯ ಆದೇಶ ಬಂತು. ಅಲ್ಲಿ ಹೊಸ ಕೇಂದ್ರ, ಅವನೇ ಮುಖ್ಯಸ್ಥ. ಒಂದನೇ ತಾರೀಖಿಗೆ ಹಾಜರಾಗಬೇಕು.

"ಛಲೋ ಆತು," ಎಂದಳು ಸುನಂದಾ. ಅಷ್ಟೇ ಅಂದಳು. ಆ ಮಧ್ಯಾಹ್ನ ಎಲ್ಲರೂ ಹೋದ ಮೇಲೆ, ಏಕೆಂದು ತಿಳಿಯದೆ, ಬಾಗಿಲ ಬೆಂಚಿನ ತುದಿಯಲ್ಲಿ ಹೋಗಿ ಕುಳಿತಳು. ಕಂಡವರಿಗೆಲ್ಲ ಬಾಯಿಲ್ಲವೇನು ಎಂದು ಜಾಡಿಸಿದವಳು ಇವಳು. ಈಗ ತನ್ನ ಬಾಯಿಗೇ ಬೀಗ. ಭಯ ಒಂದೇ: ಎರಡನೇ ಸಲವೂ ಮನೆ ಮುರಿದರೆ? ತನ್ನನ್ನು ನೋಡಿ ಕೂಡಿಕೊಂಡ ಮನೆಗಳ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ರುಕ್ಮವ್ವನಂಥವರ ಮುಂದೆ ಎದೆಯೆತ್ತಿ ನಿಂತ ಆ ಹೆಮ್ಮೆ ಎಲ್ಲಿ ಉಳಿದೀತು?

*

ಅವನು ಹೊರಡುವ ಮುನ್ನಾದಿನ ಗೊಳಸಂಗಿಯ ಮನೆಗೆ ಕೊನೆಯ ಫಾಲೋ-ಅಪ್ ಭೇಟಿ. ಹೇಳದೆ ಕೇಳದೆ ಹೋಗುವುದೇ ಪದ್ಧತಿ. ಸುನಂದಾ ಕಾಳಪ್ಪನನ್ನು ಜಗಲಿಯ ಮೇಲೆ ಕೂರಿಸಿಕೊಂಡಳು.

"ನಿನ್ನೆ ಯಾವಾಗ ನಕ್ಕಳು?"

"ಸಂಜಿಗ್ರಿ!" ಕಾಳಪ್ಪ ಬಾಯಿ ತೆರೆಯಲು ಕಾದಿದ್ದವನಂತೆ ಅಂದ. "ಆಕಿಗಿ ಪರೀಕ್ಷಾ ಅದಾವ ಅಂತ ನಾ ರೊಟ್ಟಿ ಬಡಿಯಾಕ ಹೋದ್ನಿ. ಅದು ಹರದು ಕರ್ನಾಟಕದ ನಕ್ಷೆ ಆತು. ಎಲ್ಲೈತಿ ನಮ್ಮ ಗೊಳಸಂಗಿ, ತೋರಸು ಅಂತ ಬಿದ್ದ ಬಿದ್ದ ನಕ್ಕಳ್ರಿ."

ಒಳಗೆ ಸಿದ್ದಲಿಂಗ ಕಾವೇರಿಯನ್ನು ಕೇಳಿದಾಗಲೂ ಅದೇ ರೊಟ್ಟಿ, ಅದೇ ನಕ್ಷೆ. ಸುನಂದಾಳ ಎದೆ ಉಬ್ಬಿತು. ಈ ಮನೆ ನಿಂತಿತು.

ಎಲ್ಲರೂ ಚಹಾಕ್ಕೆ ಕೂತಾಗ ಕಾವೇರಿ ಕೇಳಿದಳು: "ಅಕ್ಕಾರ, ಊರ ಮಂದಿಗೆಲ್ಲಾ ನೀವು ಕೇಳ್ತೀರಿ. ನೀವು ಯಾವಾಗ ನಕ್ಕಿದ್ರಿ, ಯಾರಿಗಾದ್ರೂ ಗೊತ್ತೈತೇನ್ರಿ?"

"ಮೊನ್ನೆ ಬುಧವಾರ," ಎಂದ ಸಿದ್ದಲಿಂಗ, ಚಹಾ ಆರಿಸುತ್ತ, ಹೊರಗಿನ ಗಾಳಿಯ ಮಾತು ಹೇಳುವಂತೆ. "ಹನ್ನೆರಡೂವರಿಗೆ. ಮ್ಯಾಲಿನ ಸಾಹೇಬ್ರ ಫೋನ್ ಬಂದಿತ್ತು. ಇವ್ರು ಯಾವನೋ ಗಂಡ ಅಂತ ತಿಳದು, ಮೊದಲ ಹೋಗಿ ಹೆಂಡ್ತಿ ಕ್ಷಮಾ ಕೇಳು ಅಂತ ಬೈದು ಇಟ್ಟಬಿಟ್ರು. ಗೊತ್ತಾದ ಮ್ಯಾಲೆ ಸೆರಗು ಬಾಯಿಗೆ ಹಚ್ಚಿ ನಕ್ರು. ನಗುವಾಗ ಎಡಗಣ್ಣು ಮೊದಲ ಮುಚ್ಚತೈತಿ. ಅದಕ್ಕೂ ಮೊದಲ ಹೋದ ತಿಂಗಳ ಹದಿನಾಲ್ಕಕ್ಕ..."

ಅವನು ತಟ್ಟನೆ ಮಾತು ತುಂಡರಿಸಿದ. ರುಕ್ಮವ್ವ ಕಪ್ಪು ಕೆಳಗಿಟ್ಟು ಇಬ್ಬರನ್ನೂ ದಿಟ್ಟಿಸಿದಳು.

"ಏ ಯಪ್ಪಾ! ಕೇಳಿದ್ದು ಒಂದ ನಗು, ನೀ ಪಂಚಾಂಗ ಓದಾಕತ್ತಿ. ಏನವಾ ಸುನಂದಾ, ನಮ್ಮ ಮನಿ ಕೇಸ ಮುಗೀತು. ಈ ಕೇಸ ಯಾರ ನಡಸಾವ್ರು?"

ಸುನಂದಾಳ ಮುಖ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ಸಿಟ್ಟೋ ನಾಚಿಕೆಯೋ ಅವಳಿಗೇ ಗೊತ್ತಾಗಲಿಲ್ಲ. ಎದ್ದಳು. "ಸಿದ್ದಲಿಂಗ ಸರ್, ಹೊರಗ ಬರ್ರಿ."

ಬೇವಿನ ಮರದ ಕೆಳಗೆ ಇಬ್ಬರೂ ನಿಂತರು.

"ನಾ ಸಿಟ್ಟಿನಾಕಿ," ಎಂದಳು.

"ಮೊದಲನೇ ದಿವಸ ಗೊತ್ತಾಗೇತ್ರಿ."

"ನಡುವ ಬಾಯಿ ಹಾಕಬ್ಯಾಡ್ರಿ. ಇಂಡಿಗಿ ಹೋಗಬ್ಯಾಡ್ರಿ ಅನ್ನಂಗಿಲ್ಲ ನಾ. ಕೆಲಸ ಬಿಡು ಅಂತ ಯಾರಿಗೂ ಅಂದಾಕಿ ಅಲ್ಲ. ನಾನೂ ಬಾಗೇವಾಡಿ ಬಿಡಂಗಿಲ್ಲ. ಆದ್ರ ನೀವು ಹೋದ್ರ ನಾ ಬಡದ ರೊಟ್ಟಿ ಎರಡ ಉಳೀತಾವು. ಅವನ್ನ ನೋಡ್ಕೋತ ಕುಂದ್ರಾಕ ನನ್ನ ಕಡಿಂದ ಆಗೂದಿಲ್ಲ." ಅವಳ ದನಿ ಮೊದಲ ಸಲ ಸಣ್ಣಗಾಯಿತು. "ಹೆದರಿಕಿ ಆಗತೈತಿ ನನಗ. ಇನ್ನೊಮ್ಮಿ ಸೋತ್ರ ಮಂದಿ..."

ಸಿದ್ದಲಿಂಗ ತಡೆದು ತಡೆದು ಮಾತಾಡಿದ. "ಆ ದಿವಸ ನೀವು ಬೈದದ್ದು ಕಾಳಪ್ಪಗ, ನಾಟಿದ್ದು ನನಗ. ಇನ್ನ ಯಾವ ಮಾತನ್ನೂ ನಾಳಿಗಿ ಇಟ್ಟಕೊಳ್ಳಂಗಿಲ್ಲ ಅಂತ ಅವತ್ತ ಆಣಿ ಮಾಡೀನಿ. ಆದ್ರೂ ಆರ ತಿಂಗಳ ಇಟ್ಟಕೊಂಡೆ, ನೋಡ್ರಿ. ಈಗ ಹೇಳ್ತೇನಿ. ಶನಿವಾರಕ್ಕೊಮ್ಮೆ ಇಂಡಿಯಿಂದ ಬರ್ತೇನಿ. ಎರಡ ಬಸ್ಸ ಬದಲ ಮಾಡಬೇಕು, ಮಾಡ್ತೇನಿ. ಈ ಸಲ ನನಗ ಬಸ್ಸ ಐತಿ, ಸುನಂದಾ."

ಮೇಡಂ ಅನ್ನಲಿಲ್ಲ ಅವನು. ಅವಳ ಎಡಗಣ್ಣು ಮೊದಲು ಮುಚ್ಚಿತು.

ಬಾಗಿಲಿಂದ ರುಕ್ಮವ್ವನ ದನಿ: "ಮೂರ ತಿಂಗಳಿಗಿ ಫಾಲೋ-ಅಪ್ಪಿಗೆ ನಾ ಬರ್ತೇನಿ, ತಿಳೀತಿಲ್ಲೋ? ಹೇಳದ ಕೇಳದ ಬರ್ತೇನಿ!"

*

ಬಂದಳು ಕೂಡ. ರಿಜಿಸ್ಟರ್ ಮದುವೆಯಾಗಿ ಮೂರು ತಿಂಗಳಾದ ಒಂದು ಭಾನುವಾರ, ರುಕ್ಮವ್ವ ಬಾಗೇವಾಡಿಯಲ್ಲಿ ಬಸ್ಸಿಳಿದು, ಕೇಳಿಕೊಂಡು ಮನೆ ಹುಡುಕಿ, ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಳು. ಸುನಂದಾಳನ್ನು ಒಳಗೆ ಅಟ್ಟಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

"ಹೇಳೋ ಯಪ್ಪಾ. ನಿನ್ನೆ ಯಾವಾಗ ನಕ್ಕಳು?"

"ಬಸ್ ಸ್ಟ್ಯಾಂಡಿನ್ಯಾಗ್ರಿ. ಇಂಡಿ ಲಿಂಬಿಕಾಯಿ ತಂದಿದ್ದೆ, ಇಳಿಯೂವಾಗ ಚೀಲ ಹರೀತು. ಒಂದು ಹೋಗಿ ಕಂಡಕ್ಟರನ ಬೂಟಿಗಿ ಬಡೀತು."

ರುಕ್ಮವ್ವ ತಲೆಯಾಡಿಸಿ ಎದ್ದು ಅಡುಗೆಮನೆಗೆ ಹೋದಳು. "ನೀ ಹೇಳು. ಅವ ಯಾವಾಗ ನಕ್ಕ?"

ಸುನಂದಾ ಲಿಂಬೆ ಹೆಚ್ಚುತ್ತಿದ್ದಳು. "ಆ ಲಿಂಬಿಕಾಯಿ ಆರಿಸ್ಕೋತ ಇದ್ವಿ. ನಾ ನಗೂದನ್ನ ಮೊದಲ ನೋಡಿದ್ರು, ಆಮ್ಯಾಲೆ ಅವ್ರು ನಕ್ರು. ಯಾವಾಗ್ಲೂ ಹಂಗ."

ರುಕ್ಮವ್ವ ಸೊಂಟದ ಮೇಲೆ ಕೈಯಿಟ್ಟು, ತಾನೇ ಕಟ್ಟಿದ ಮನೆಯನ್ನು ನೋಡುವಂತೆ ಸುತ್ತ ನೋಡಿದಳು. ಆಮೇಲೆ ಹೊರಗೆ ತಲೆಹಾಕಿ, "ಲಾಲಬಿ, ಬಾರವಾ ಒಳಗ. ಹೆದರಬ್ಯಾಡ," ಎಂದು ಕೂಗಿದಳು.

ಮೆಟ್ಟಿಲ ಮೇಲೆ, ಬಟ್ಟೆಗಂಟು ತಬ್ಬಿಕೊಂಡು, ಗೊಳಸಂಗಿಯ ಒಬ್ಬ ಹುಡುಗಿ ಇಷ್ಟೊತ್ತೂ ಕುಳಿತಿದ್ದಳು.

"ನಮ್ಮ ಓಣಿ ಹುಡುಗಿ. ಗಂಡನ ಮನಿಂದ ಎದ್ದ ಬಂದಾಳ. ನಾನ ಕರಕೊಂಡ ಬಂದೇನಿ," ಎಂದಳು ರುಕ್ಮವ್ವ. "ಈ ಇಬ್ರ ಮುಂದ ಎಲ್ಲಾ ಹೇಳವಾ. ಇವ್ರು ನಮ್ಮಾವ್ರು."

ಸುನಂದಾ ಲಿಂಬೆಹಣ್ಣಿನ ಕೈ ತೊಳೆದುಕೊಂಡಳು. ಸಿದ್ದಲಿಂಗ ಆಗಲೇ ಒಂದು ಚರಿಗೆ ನೀರು ತಂದು ಹುಡುಗಿಯ ಮುಂದೆ ಇಟ್ಟಿದ್ದ.